ಮಾಡೆಲ್ ಕಾರಿನ ಗ್ಲಾಸಿಗೆ ಯಾವ ಶೀಟು, ಲೈಟಿಗೆ ಏನು: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಮೈಸೂರಿನ ನಮ್ಮ ಮನೆ ಜಗಲಿಯಲ್ಲಿ ಕೂತು ಪುಟ್ಟ ಕಾರುಗಳನ್ನು ತಿಕ್ಕುವ ನಾಲ್ಕೈದು ಜನ ಇದ್ದೇವೆ. ಅವರು ಕೇಳಿದ್ದು, ಮಂಡ್ಯದಿಂದ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸುವವರು ಕೇಳಿದ್ದು, ಒಬ್ಬ ರಿಟೈರ್ಡ್ ಮೇಷ್ಟ್ರು ಕಾಗದ ಬರೆದು ಕೇಳಿದ್ದು, ಎಲ್ಲ ಒಂದು ಕಡೆ ಹಾಕಿ ನೋಡಿದರೆ ಅವೇ ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತವೆ. ಬಾಡಿ, ಚಕ್ರ, ಬಣ್ಣ ಹೇಗೋ ಮಾಡಿಕೊಳ್ಳುತ್ತಾರೆ. ಗ್ಲಾಸು, ಅಂದರೆ ಪಾರದರ್ಶಕ ಪ್ಲಾಸ್ಟಿಕ್ ಶೀಟು, ಕೂರಿಸುವ ದಿನ ಫೋನು ಬರುತ್ತದೆ. ಅದಕ್ಕೇ ಬರೆದಿಟ್ಟೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಬಿಟ್ಟಿದ್ದೇನೆ.

## ಮೊದಲ ಸಲ ಮಾಡುವವರಿಗೆ

ಸಾರ್, ಕಿಟಕಿಗೂ ಲೈಟಿಗೂ ಒಂದೇ ಶೀಟು ಸಾಕಲ್ವಾ?

ಸಾಕಾಗುವುದಿಲ್ಲ. ಕಿಟಕಿಗೆ ಬೇಕಾಗಿರುವುದು ತೆಳು. ಅಲ್ಲಿ ಗ್ಲಾಸು ಇದೆಯೋ ಇಲ್ಲವೋ ಅನ್ನುವ ಹಾಗಿರಬೇಕು, ಬೆಳಕು ಬಿದ್ದಾಗ ಮಾತ್ರ ಒಂದು ಮಿಂಚು ಕಾಣಬೇಕು. ಲೈಟಿಗೆ ಬೇಕಾಗಿರುವುದು ಆಳ. ಹೆಡ್‌ಲೈಟಿನ ಒಳಗೆ ನೋಡಿದರೆ ಕಣ್ಣು ಸ್ವಲ್ಪ ದೂರ ಹೋಗಬೇಕು, ಹಿಂದೆ ಹೊಳೆಯುವ ಬಟ್ಟಲು ಕಾಣಬೇಕು. ತೆಳು ಶೀಟನ್ನು ದುಂಡಗೆ ಕತ್ತರಿಸಿ ಲೈಟಿನ ಜಾಗಕ್ಕೆ ಅಂಟಿಸಿದರೆ ಅದು ಲೈಟಿನ ಹಾಗಲ್ಲ, ಟೇಪು ಹಚ್ಚಿದ ತೂತಿನ ಹಾಗೆ ಕಾಣುತ್ತದೆ. ಇನ್ನು ದಪ್ಪ ಪ್ಲಾಸ್ಟಿಕ್ಕನ್ನು ಕಿಟಕಿಗೆ ಹಾಕಿದರೆ ಮೀನಿನ ತೊಟ್ಟಿ. ಎರಡೂ ಬೇರೆ ಬೇರೆ ಕೆಲಸ ಅಂತ ಮೊದಲೇ ಒಪ್ಪಿಕೊಂಡರೆ ಮುಂದಿನ ಅರ್ಧ ಗೊಂದಲ ಇರುವುದಿಲ್ಲ.

ಎಷ್ಟು ದಪ್ಪದ ಶೀಟ್ ತಗೋಬೇಕು? ಅಂಗಡಿಯವ್ರು ಎಷ್ಟು ಮೈಕ್ರಾನ್ ಅಂತಾರೆ, ನಂಗೆ ಗೊತ್ತಾಗಲ್ಲ

1000 ಮೈಕ್ರಾನ್ ಅಂದರೆ 1 ಮಿ.ಮೀ. ಅಷ್ಟೇ ಲೆಕ್ಕ. ನಿಜವಾದ ಕಾರಿನ ಮುಂದಿನ ಗಾಜು ಸುಮಾರು 5 ಮಿ.ಮೀ. ಇರುತ್ತದೆ, ಪಕ್ಕದ ಗಾಜು 3ರಿಂದ 4 ಮಿ.ಮೀ. ಅದನ್ನು ನಿಮ್ಮ ಸ್ಕೇಲಿನಿಂದ ಭಾಗಿಸಿ. ಸ್ಕೇಲು 1:24 ಅಂದರೆ ಮಾಡೆಲ್ಲು ನಿಜವಾದ ಕಾರಿನ 24ರಲ್ಲಿ ಒಂದು ಭಾಗ. 1:24 ಆದರೆ ಮುಂದಿನ ಗಾಜು ಸುಮಾರು 200 ಮೈಕ್ರಾನ್, 1:18 ಆದರೆ 280ರ ಹತ್ತಿರ, 1:43ಕ್ಕೆ 120, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವ 1:64 ಕಾರಿಗೆ 80. ಹಾಗಂತ ಮೈಕ್ರೋಮೀಟರ್ ಹಿಡಿದು ಕೂರಬೇಡಿ. ತೀರಾ ತೆಳು ಶೀಟು ಅಲೆ ಅಲೆಯಾಗಿ ಬಾಗುತ್ತದೆ, ಆಗ ಅದರ ಮೇಲೆ ಬೀಳುವ ಬಿಂಬವೂ ಸೊಟ್ಟ. 1:24ಕ್ಕೆ ನಾನು 175ರಿಂದ 250 ಮೈಕ್ರಾನ್ ಒಳಗೆ ಯಾವುದು ಸಿಕ್ಕರೂ ಹಾಕುತ್ತೇನೆ.

ಜೋಡಿಸಿ ಮಾಡುವ ಕಿಟ್ ಜೊತೆ ಬರುವ ಕ್ಲಿಯರ್ ಪಾರ್ಟ್ಸ್, ಅಂದರೆ ಪಾರದರ್ಶಕ ಭಾಗಗಳು, ಸುಮಾರು 1 ಮಿ.ಮೀ. ದಪ್ಪ ಇದ್ದರೆ ಏನರ್ಥ? 24ರಿಂದ ಗುಣಿಸಿ. ಒಂದು ಇಂಚು ದಪ್ಪದ ಗಾಜು. ಮಂತ್ರಿಗಳ ಬುಲೆಟ್ ಪ್ರೂಫ್ ಕಾರಿಗೆ ಸರಿ, ನಮ್ಮ ಅಂಬಾಸಿಡರ್ ಟ್ಯಾಕ್ಸಿಗೆ ಜಾಸ್ತಿ ಆಯಿತು.

ಮೈಸೂರಲ್ಲಿ ಇದೆಲ್ಲ ಎಲ್ಲಿ ಸಿಗತ್ತೆ? ಎಲ್ಲಾನೂ ಆನ್‌ಲೈನೇ ತರಿಸಬೇಕಾ?

ಬೇಡ. ಮೊದಲು ಜೆರಾಕ್ಸ್ ಅಂಗಡಿ. ಓಎಚ್‌ಪಿ ಶೀಟು, ಅಂದರೆ ಓವರ್‌ಹೆಡ್ ಪ್ರೊಜೆಕ್ಟರಿಗೆ ಹಾಕುವ ಪಾರದರ್ಶಕ ಹಾಳೆ, ಕೇಳಿ, ಆದರೆ ಲೇಸರ್ ಪ್ರಿಂಟರಿನದ್ದೇ ಬೇಕು ಅನ್ನಿ. ಇಂಕ್‌ಜೆಟ್‌ನದ್ದಕ್ಕೆ ಒಂದು ಕಡೆ ಇಂಕು ಹಿಡಿಯುವ ಲೇಪ ಇರುತ್ತದೆ, ಅದು ಮಸುಕು. ಓಎಚ್‌ಪಿ ಶೀಟು ಸಾಮಾನ್ಯವಾಗಿ 100 ಮೈಕ್ರಾನ್, ಸಣ್ಣ ಕಾರಿಗೆ ಒಳ್ಳೆಯದು. ದೊಡ್ಡದಕ್ಕೆ ಸ್ಪೈರಲ್ ಬೈಂಡಿಂಗ್ ಮೇಲೆ ಹಾಕುವ ಶೀಟು ಕೇಳಿ. ಅದರಲ್ಲಿ ಕೆಲವು ಹಾಲು ಹಾಲಾಗಿರುತ್ತವೆ. ಬಿಸಿಲಿಗೆ ಹಿಡಿದು ನೋಡಿ ಆರಿಸಿ, ಅಂಗಡಿಯವರು ಗೊಣಗಿದರೂ ಪರವಾಗಿಲ್ಲ.

ಆಮೇಲೆ ಮನೆಯಲ್ಲೇ ಹುಡುಕಿ. ಸೀರೆ ಡಬ್ಬದ ಕಿಟಕಿ, ಶರ್ಟ್ ಪ್ಯಾಕಿನ ಮುಚ್ಚಳ, ಮೈಸೂರ್‌ಪಾಕ್ ಡಬ್ಬದ ಮೇಲಿನ ಪಾರದರ್ಶಕ ಮುಚ್ಚಳ, ಆಟದ ಸಾಮಾನಿನ ಗುಳ್ಳೆ ಪ್ಯಾಕು. ನಮ್ಮ ಮನೆಯಲ್ಲಿ ಸ್ವೀಟ್ ಬಂದರೆ ಮಕ್ಕಳ ಕಣ್ಣು ಒಳಗೆ, ನನ್ನ ಕಣ್ಣು ಮುಚ್ಚಳದ ಮೇಲೆ. ದಪ್ಪ ಅಕ್ರಿಲಿಕ್ ಚೂರು ಬೇಕಿದ್ದರೆ ಬೋರ್ಡ್ ಬರೆಯುವ ಅಂಗಡಿ. ಎಲ್‌ಇಡಿ ಅಕ್ಷರ ಕತ್ತರಿಸಿ ಉಳಿದ ತುಂಡುಗಳು ಮೂಟೆಗಟ್ಟಲೆ ಇರುತ್ತವೆ, ಸುಮ್ನೆ ಕೇಳಿದರೂ ಕೊಡುತ್ತಾರೆ. ಕತ್ತರಿಸಲು ಆಪರೇಷನ್ ಬ್ಲೇಡು, 11ನೇ ನಂಬರು, ಅದಕ್ಕೆ 3ನೇ ನಂಬರ್ ಹಿಡಿ. ಸರ್ಜಿಕಲ್ ಸಾಮಾನು ಮಾರುವಲ್ಲಿ ಸಿಗುತ್ತದೆ.

ಹೊರಗಿನಿಂದ ತರಿಸಲೇಬೇಕಾದದ್ದು ಬೆಳಕು ಹಾಯುವ ಕ್ಲಿಯರ್ ಬಣ್ಣಗಳು ಮಾತ್ರ, ಅದೂ ಮನಸ್ಸಿದ್ದರೆ.

ಎಲ್ಲಾ ಪ್ಲಾಸ್ಟಿಕ್ಕೂ ನೋಡೋಕೆ ಒಂದೇ ತರ ಇದೆ. ಯಾವುದು ಯಾವ್ದು ಅಂತ ಕಂಡುಹಿಡಿಯೋದು ಹೇಗೆ?

ತಳದಲ್ಲಿ ತ್ರಿಕೋನದ ಒಳಗೆ ನಂಬರು ಇದೆಯಾ ನೋಡಿ. 1 ಅಂದರೆ ಪೆಟ್ (ನೀರಿನ ಬಾಟಲಿಯದ್ದು), 3 ಪಿವಿಸಿ, 5 ಪಿಪಿ (ಪಾಲಿಪ್ರೊಪಿಲೀನ್), 6 ಪಾಲಿಸ್ಟೈರೀನ್. 7 ಅಂದರೆ ಉಳಿದದ್ದೆಲ್ಲ, ಪಾಲಿಕಾರ್ಬೊನೇಟ್ ಕೂಡ ಅದರಲ್ಲೇ. 5 ಇದ್ದರೆ ವಾಪಸ್ ಇಡಿ. ಪಿಪಿಗೆ ಯಾವ ಅಂಟೂ ನೆಟ್ಟಗೆ ಹಿಡಿಯುವುದಿಲ್ಲ, ಸಾಲದ್ದಕ್ಕೆ ಸ್ವಲ್ಪ ಮಂಜು ಮಂಜು.

ನಂಬರ್ ಇಲ್ಲದಿದ್ದರೆ ಒಂದು ಮೂಲೆ ಮಡಚಿ. ಮಡಿಕೆಯಲ್ಲಿ ಬಿಳಿ ಗೆರೆ ಬಂದರೆ ಹೆಚ್ಚಾಗಿ ಪಿವಿಸಿ. ಪಟ್ ಅಂತ ಒಡೆದರೆ ಪಾಲಿಸ್ಟೈರೀನ್. ಎಷ್ಟು ಎಳೆದರೂ ಹರಿಯದೆ ಕೈ ನೋಯಿಸಿದರೆ ಪೆಟ್. ಸುಲಭವಾಗಿ ಹರಿದರೆ ಅಸಿಟೇಟ್, ಹಳೆ ಸಿನಿಮಾ ರೀಲಿನ ಪ್ಲಾಸ್ಟಿಕ್ಕು.

ಇನ್ನೊಂದು ಟೆಸ್ಟ್ ಇದೆ, ಅದನ್ನು ಇಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸುವ ಸಿಪೆಟ್ ಸಂಸ್ಥೆಯಲ್ಲಿ ಓದುತ್ತಿದ್ದ ಒಬ್ಬ ಹುಡುಗ ಹೇಳಿಕೊಟ್ಟ. ಒಂದು ಲೋಟ ನೀರಿಗೆ ಕರಗುವಷ್ಟೂ ಉಪ್ಪು ಹಾಕಿ, ಒಂದು ತೊಟ್ಟು ಸೋಪಿನ ನೀರು ಬಿಡಿ, ಚೂರನ್ನು ಒಳಗೆ ಅದ್ದಿ ಬಿಡಿ. ಪಾಲಿಸ್ಟೈರೀನ್ ಮೇಲೆ ಬರುತ್ತದೆ. ಪೆಟ್ಟೂ ಪಿವಿಸಿಯೂ ಕಲ್ಲಿನ ಹಾಗೆ ತಳಕ್ಕೆ ಹೋಗುತ್ತವೆ. ಪಿಪಿ ಆದರೆ ಉಪ್ಪಿಲ್ಲದ ಬರೀ ನೀರಿನಲ್ಲೇ ತೇಲುತ್ತದೆ.

ಸುಟ್ಟು ವಾಸನೆ ನೋಡುವ ಟೆಸ್ಟ್ ಮಾತ್ರ ಬೇಡ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಗಂಟಲು ಕೆಡುತ್ತದೆ.

ನೀರಿನ ಬಾಟ್ಲಿ ಕಟ್ ಮಾಡಿ ಹಾಕಿದ್ರೆ ಆಗಲ್ವಾ ಅಣ್ಣ?

ಆಗುತ್ತದೆ, ಆದರೆ ಬಾಟಲಿಯ ಬಾಗು ಅದರಲ್ಲೇ ಉಳಿದಿರುತ್ತದೆ. ಚಪ್ಪಟೆ ಗ್ಲಾಸಿಗೆ ಹಾಕಿದರೆ ಅಂಟು ಬಿಡಿಸಿಕೊಂಡು ಎದ್ದು ಬರುತ್ತದೆ. ಬಾಗಿದ ಮುಂದಿನ ಗ್ಲಾಸಿಗೆ ಅದೇ ಬಾಗು ವರ. ನೀರಿನ ಬಾಟಲಿಗಿಂತ ಕೋಲಾ ಬಾಟಲಿಯ ಗೋಡೆ ಗಟ್ಟಿ, ಅದನ್ನೇ ತೊಗೊಳ್ಳಿ.

ಎಷ್ಟು ಸಲ ಕಟ್ ಮಾಡಿದ್ರೂ ಒಂದು ಕಡೆ ಸಂದಿ ಬಿಡತ್ತೆ. ಅಳತೆ ಹೇಗೆ ತಗೋಳೋದು?

ಸ್ಕೇಲ್ ಇಟ್ಟು ಅಳೆಯಬೇಡಿ. ಕಿಟಕಿ ತೂತಿನ ಮೇಲೆ ಮ್ಯಾಟ್ ಸೆಲ್ಲೋಟೇಪ್ ಹಚ್ಚಿ, ಪೆನ್ಸಿಲ್ಲನ್ನು ಮಲಗಿಸಿ ಅಂಚಿನ ಮೇಲೆ ಉಜ್ಜಿ. ಆಕಾರ ತಾನೇ ಮೂಡುತ್ತದೆ. ಟೇಪು ಕಿತ್ತು ಮದುವೆ ಕಾಗದದಂಥ ದಪ್ಪ ಕಾಗದಕ್ಕೆ ಅಂಟಿಸಿ, ಸುತ್ತ 1 ಮಿ.ಮೀ. ಹೆಚ್ಚಿಗೆ ಬಿಟ್ಟು ಕತ್ತರಿಸಿ ಕೂರಿಸಿ ನೋಡಿ. ಕಾಗದ ಸರಿಯಾಗಿ ಕೂತ ಮೇಲೆ ಶೀಟು ಮುಟ್ಟಿ. ಕಾಗದ ಮೂರು ಸಲ ಹಾಳಾದರೂ ದುಡ್ಡು ಹೋಗುವುದಿಲ್ಲ. ಶೀಟಿನ ಮೇಲೆ ಬ್ಲೇಡನ್ನು ಒಂದೇ ಸಲ ಒತ್ತಿ ಎಳೆಯಬೇಡಿ, ಹಗುರವಾಗಿ ನಾಲ್ಕು ಸಲ. ಎಡ ಬಾಗಿಲಿನ ಅಚ್ಚನ್ನು ಮಗುಚಿ ಹಾಕಿದರೆ ಬಲ ಬಾಗಿಲಿಗೆ ಆಗುತ್ತದೆ ಅಂತ ನಂಬಬೇಡಿ. ಕೈಯಲ್ಲಿ ಮಾಡಿದ ಬಾಡಿಯ ಎರಡು ಕಡೆಯೂ ಒಂದೇ ಸಮ ಇರುವುದು ಅಪರೂಪ.

ರಾತ್ರಿ ಸೂಪರ್ ಗ್ಲೂ ಹಾಕಿ ಇಟ್ಟೆ. ಬೆಳಿಗ್ಗೆ ನೋಡಿದ್ರೆ ಗ್ಲಾಸೆಲ್ಲ ಬೆಳ್ಳಗೆ! ಏನಾಯ್ತು?

ನನಗೂ ಆಗಿದೆ. ಎರಡು ತಿಂಗಳು ಕೆಲಸ ಮಾಡಿದ ಕೆನೆ ಬಣ್ಣದ ಅಂಬಾಸಿಡರ್. ಗ್ಲಾಸು ಅಂಟಿಸಿ, ಧೂಳು ಬೀಳದಿರಲಿ ಅಂತ ಸ್ವೀಟ್ ಡಬ್ಬದೊಳಗಿಟ್ಟು ಮುಚ್ಚಿ ಮಲಗಿದೆ. ಬೆಳಿಗ್ಗೆ ತೆಗೆದರೆ ಮುಂದಿನ ಗ್ಲಾಸಿನ ತುಂಬ ಡಿಸೆಂಬರ್‌ನಲ್ಲಿ ಚಾಮುಂಡಿ ಬೆಟ್ಟದ ಮೇಲೆ ಕವಿಯುವಂಥ ಮಂಜು, ಅದರ ಮಧ್ಯೆ ನನ್ನ ಹೆಬ್ಬೆಟ್ಟಿನ ಗುರುತು, ಒಂದೊಂದು ಗೆರೆಯೂ ಬಿಳಿಯಾಗಿ ಎದ್ದು ನಿಂತಿದೆ. ಹೆಂಡತಿ ನೋಡಿ, ‘ಕಳ್ಳ ಸಿಕ್ಕಿಬಿದ್ದ’ ಅಂದಳು.

ಅವಳು ಹೇಳಿದ್ದು ತಮಾಷೆಗೆ, ಆದರೆ ಮಾತು ನಿಜ. ಸೂಪರ್ ಗ್ಲೂ ಒಣಗುವಾಗ ಅದರಿಂದ ಆವಿ ಏಳುತ್ತದೆ. ಆ ಆವಿ ತೇವ ಸಿಕ್ಕ ಕಡೆ, ಬೆರಳಿನ ಜಿಡ್ಡು ಸಿಕ್ಕ ಕಡೆ ಕೂತು ಬಿಳಿಯಾಗಿ ಗಟ್ಟಿಯಾಗುತ್ತದೆ. ಪೊಲೀಸರು ಬೆರಳಚ್ಚು ಎತ್ತಲು ಇದೇ ಆವಿಯನ್ನು ಬಳಸುತ್ತಾರೆ. ನಾನು ಡಬ್ಬ ಮುಚ್ಚಿ ಆವಿಗೆ ಹೊರಗೆ ಹೋಗಲು ದಾರಿಯೇ ಬಿಟ್ಟಿರಲಿಲ್ಲ. ಹಾಗಾಗಿ ಕ್ಲಿಯರ್ ಭಾಗದ ಹತ್ತಿರ ಸೂಪರ್ ಗ್ಲೂ ಬೇಡ. ಒಳಗಿನ ಸೀಟಿಗೆ, ಡ್ಯಾಶ್‌ಬೋರ್ಡಿಗೆ ಹಾಕಿದ್ದರೂ ಒಂದು ದಿನ ಗಾಳಿಗಿಟ್ಟು ಆಮೇಲೆ ಗ್ಲಾಸು ಕೂರಿಸಿ. ಈಗಾಗಲೇ ಮಂಜು ಹಿಡಿದಿದ್ದರೆ ಹಿತ್ತಾಳೆ ಹೊಳಪಿಸುವ ಬ್ರಾಸ್ಸೋ ಹಚ್ಚಿ ಉಜ್ಜಿ ನೋಡಿ, ಮೇಲ್ಮೇಲಿನದು ಹೋಗುತ್ತದೆ. ನನ್ನದು ಹೋಗಲಿಲ್ಲ, ಗ್ಲಾಸನ್ನೇ ಬದಲಾಯಿಸಿದೆ.

ಹಾಗಾದ್ರೆ ಯಾವ ಅಂಟು?

ಕಿಟಕಿಗೆ ಬಿಳಿ ಫೆವಿಕಾಲ್. ಹೌದು, ಮರಕ್ಕೆ ಹಾಕುವುದೇ. ತೆಳುವಾಗಿ ಹಚ್ಚಿದರೆ ಒಣಗಿದ ಮೇಲೆ ಕಾಣುವುದಿಲ್ಲ, ಹೆಚ್ಚಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ತಪ್ಪಾದರೆ ಕಿತ್ತು ಮತ್ತೆ ಹಚ್ಚಬಹುದು. ಗಟ್ಟಿ ಹಿಡಿತ ಇಲ್ಲ ನಿಜ, ಆದರೆ ಕಿಟಕಿ ಮೇಲೆ ಯಾರೂ ಭಾರ ಹಾಕುವುದಿಲ್ಲವಲ್ಲ. ಬಾಗಿಸಿ ಕೂರಿಸಿದ ಶೀಟು ಎದ್ದು ಬರುತ್ತಿದ್ದರೆ ಎರಡು ಟ್ಯೂಬಿನ ಎಪಾಕ್ಸಿ, ಕಣ್ಣಿಗೆ ಬೀಳದ ಅಂಚಿನಲ್ಲಿ ನಾಲ್ಕು ಚುಕ್ಕೆ. ಎಪಾಕ್ಸಿ ವರ್ಷ ಕಳೆದಂತೆ ಹಳದಿಯಾಗುತ್ತದೆ, ಅದಕ್ಕೇ ಅಂಚಿಗೆ ಮಾತ್ರ.

ಅಕ್ರಿಲಿಕ್ ತುಂಡನ್ನು ಅಕ್ರಿಲಿಕ್ಕಿಗೆ ಅಂಟಿಸಲು ಬೋರ್ಡ್ ಅಂಗಡಿಯವರು ಕ್ಲೋರೋಫಾರ್ಮ್ ಬಳಸುತ್ತಾರೆ. ಜೋಡಣೆ ಗಾಜಿನ ಹಾಗೆ ಬರುತ್ತದೆ, ಆದರೆ ಅದರ ಆವಿ ಒಳ್ಳೆಯದಲ್ಲ. ಮನೆಗೆ ತರಬೇಡಿ, ಅಲ್ಲೇ ಅಂಟಿಸಿಕೊಂಡು ಬನ್ನಿ.

## ಕೈ ಸ್ವಲ್ಪ ಪಳಗಿದ ಮೇಲೆ

ಗ್ಲಾಸ್ ಮೇಲೆ ಗೀರು ಬಿದ್ದಿದೆ, ಹೋಗಿಸಬಹುದಾ?

ಯಾವ ಪ್ಲಾಸ್ಟಿಕ್ ಅನ್ನುವುದರ ಮೇಲೆ ಹೋಗುತ್ತದೆ. ಕಿಟ್‌ನ ಪಾಲಿಸ್ಟೈರೀನ್, ಅಕ್ರಿಲಿಕ್ ಆದರೆ ಧಾರಾಳವಾಗಿ. ಒದ್ದೆ ಮಾಡಿ ತಿಕ್ಕುವ ಮರಳು ಕಾಗದ, ಅಂದರೆ ವಾಟರ್ ಪೇಪರ್, 1000, 1500, 2000 ನಂಬರಿನದ್ದು, ಪ್ರತಿ ಸಲವೂ ನೀರು ಹಾಕಿ, ಒಂದು ಸಲ ಅಡ್ಡಡ್ಡ, ಮುಂದಿನದ್ದು ಉದ್ದುದ್ದ. ಕೊನೆಗೆ ಬ್ರಾಸ್ಸೋ ಅಥವಾ ಕಾರಿನ ರಬ್ಬಿಂಗ್ ಕಾಂಪೌಂಡ್. ಎರಡೂ ಇಲ್ಲದಿದ್ದರೆ ಬಿಳಿ ಟೂತ್‌ಪೇಸ್ಟ್. ಮಧ್ಯದಲ್ಲಿ ಪೂರ್ತಿ ಮಂಜಾಗಿ ಹೊಟ್ಟೆ ಧಸಕ್ ಅನ್ನುತ್ತದೆ, ಆಗ ನಿಲ್ಲಿಸಬಾರದು. ತೆಳು ಪೆಟ್ ಶೀಟು ಮಾತ್ರ ತಿಕ್ಕಿದಷ್ಟೂ ಕೆಡುತ್ತದೆ. ಹೊಸದು ಕತ್ತರಿಸಿ.

ಅಂಬಾಸಿಡರ್‌ದು ಗುಂಡನೆ ಹೆಡ್‌ಲೈಟ್ ಮಾಡೋಕೆ ಏನು ಸಿಗತ್ತೆ?

ಮೊದಲು ಅಳತೆ. ಅಂಬಾಸಿಡರ್, ಹಳೆ ಜೀಪು, ಎಲ್ಲದರದ್ದೂ 7 ಇಂಚಿನ ದೀಪ, ಅಂದರೆ 178 ಮಿ.ಮೀ. 1:24ಕ್ಕೆ 7.4 ಮಿ.ಮೀ., 1:18ಕ್ಕೆ ಹತ್ತಿರ ಹತ್ತಿರ 10 ಮಿ.ಮೀ.

ನಾನು ಹೆಚ್ಚು ಬಳಸಿದ್ದು ಮಾತ್ರೆ ಸ್ಟ್ರಿಪ್ಪು. ಅಮ್ಮನ ಬಿಪಿ ಮಾತ್ರೆಯ ಪಾರದರ್ಶಕ ಗುಳ್ಳೆ ನೋಡಿದಾಗ ಹೊಳೆಯಿತು. ದುಂಡು, ಉಬ್ಬು, ಅಳತೆಯೂ ಹತ್ತಿರ. ಗುಳ್ಳೆಯ ತಲೆ ಚಪ್ಪಟೆ ಇಲ್ಲದ್ದನ್ನು ಆರಿಸಿ, ಹಿಂದಿನ ಬೆಳ್ಳಿ ಹಾಳೆ ಕಿತ್ತು, ಬ್ಲೇಡಿನಲ್ಲಿ ಸುತ್ತ ಬಿಡಿಸಿಕೊಳ್ಳಿ. ಈಗ ಮನೆಯಲ್ಲಿ ಖಾಲಿ ಸ್ಟ್ರಿಪ್ಪನ್ನು ಯಾರೂ ಸುಮ್ಮನೆ ಎಸೆಯುವುದಿಲ್ಲ, ‘ಇದು ನಿನ್ನ ಕಾರಿಗಾ?’ ಅಂತ ಕೇಳಿಯೇ ಎಸೆಯುತ್ತಾರೆ.

ಇನ್ನೊಂದು, ಬ್ಲೌಸಿಗೆ ಆರಿ ವರ್ಕ್ ಮಾಡುವವರ ಸಾಮಾನು ಮಾರುವ ಅಂಗಡಿ. ಹಿಂಭಾಗ ಚಪ್ಪಟೆ, ಮುಂಭಾಗ ಉಬ್ಬಿರುವ ಪಾರದರ್ಶಕ ಕಲ್ಲು 3 ಮಿ.ಮೀ.ನಿಂದ 10ರವರೆಗೆ ಸಿಗುತ್ತವೆ. ಮುಖ ಮುಖ ಕೊರೆದು ಮಿಣಮಿಣ ಅನ್ನುವುದು ಬೇಡ, ನುಣುಪಿನದು ಕೇಳಿ. ಹಿಂದೆ ಬೆಳ್ಳಿ ಬಣ್ಣ ಬಳಿದಿದ್ದರೆ ಅದೂ ಅನುಕೂಲವೇ.

ಹಳೆ ಹೆಡ್‌ಲೈಟಿನ ಗಾಜಿನಲ್ಲಿ ಉದ್ದುದ್ದ ಗೆರೆ ಇರುತ್ತಿತ್ತಲ್ಲ, ಅದನ್ನು ಮಾಡಲು ಗುಳ್ಳೆಯ ಒಳಮೈಯಲ್ಲಿ ಬ್ಲೇಡಿನ ಬೆನ್ನಿನಿಂದ ಸಮಾನ ಗೆರೆ ಎಳೆಯಿರಿ. ಹೊರಗೆ ಎಳೆದರೆ ಧೂಳು ತುಂಬಿ ಕಪ್ಪಾಗುತ್ತದೆ.

ನಾಲ್ಕು ದೀಪದ ಅಮೆರಿಕನ್ ಕಾರು ಮಾಡುವವರಿಗೆ ಒಂದು ಖುಷಿ ಸುದ್ದಿ. ಆ ದೀಪ ಐದೂಮುಕ್ಕಾಲು ಇಂಚು, 1:24ಕ್ಕೆ 6 ಮಿ.ಮೀ. ಆಫೀಸಿನಲ್ಲಿ ಫೈಲಿಗೆ ತೂತು ಹಾಕುವ ಪಂಚಿನ ಅಳತೆಯೂ ಸುಮಾರು ಅಷ್ಟೇ. ಶೀಟಿಗೆ ಪಂಚ್ ಹಾಕಿ, ಬಿದ್ದ ಬಿಲ್ಲೆ ಎತ್ತಿಕೊಳ್ಳಿ.

ಹಿಂದಿನ ಲೈಟಿಗೆ ಕೆಂಪು ಬಣ್ಣ ಹಚ್ಚಿದ್ರೆ ಕುಂಕುಮ ಇಟ್ಟಂಗೆ ಕಾಣತ್ತೆ

ಏಕೆಂದರೆ ನೀವು ಮುಚ್ಚುವ ಬಣ್ಣ ಹಚ್ಚಿದ್ದೀರಿ. ಬೆಳಕು ಹಾಯುವ ಕೆಂಪು ಬೇಕು. ಬಣ್ಣವೇ ಬೇಡ ಅನ್ನುವುದಾದರೆ ಇನ್ನೂ ಒಳ್ಳೆಯದು. ಗ್ಯಾರೇಜಿಗೆ ಹೋಗಿ, ಒಡೆದ ಟೇಲ್ ಲ್ಯಾಂಪಿನ ಚೂರು ಕೇಳಿ. ನಿಜವಾದ ಕಾರಿನ ಟೇಲ್ ಲ್ಯಾಂಪ್ ಅಕ್ರಿಲಿಕ್, ಮೈಯೆಲ್ಲ ಕೆಂಪು, ಬಿಸಿಲಿಗೆ ಬೇಗ ಬಿಳಚಿಕೊಳ್ಳುವುದಿಲ್ಲ, ತಿಕ್ಕಿದರೆ ಕನ್ನಡಿಯಂತಾಗುತ್ತದೆ. ಕೆಂಪು, ಕಿತ್ತಳೆ, ಬಿಳಿ ಮೂರೂ ಒಂದೇ ಒಡೆದ ದೀಪದಲ್ಲಿ ಸಿಗುತ್ತವೆ. ನಾನೊಂದು ಸಲ ಹೋದಾಗ ಮೇಸ್ತ್ರಿ ಒಂದು ಬಕೆಟ್ ತೋರಿಸಿ ‘ತಗೊಂಡ್ಹೋಗಿ ಸಾರ್, ಗುಡ್ಸೋ ಕೆಲ್ಸ ಉಳೀತು’ ಅಂದರು. ಆ ಬಕೆಟ್ಟಿನ ಚೂರು ಇನ್ನೂ ಹತ್ತು ವರ್ಷಕ್ಕೆ ಸಾಕು.

ಹೆಡ್‌ಲೈಟಿನ ಚೂರು ತರಬೇಡಿ. ಈಗಿನವು ಪಾಲಿಕಾರ್ಬೊನೇಟ್, ಮೇಲೆ ಗಟ್ಟಿ ಲೇಪ, ತಿಕ್ಕಲು ಕಷ್ಟ.

ಚಿಕ್ಕ ದೀಪಕ್ಕೆ ಪಾರದರ್ಶಕ ಕೆಂಪು ಟೂತ್‌ಬ್ರಷ್ಷಿನ ಹಿಡಿಯೂ ಆಗುತ್ತದೆ, ಗರಗಸದಲ್ಲಿ ಕುಯ್ದು ತಿಕ್ಕಿ. ಬಣ್ಣವೇ ಹಚ್ಚುವುದಾದರೆ ತಮಿಯಾ ಕಂಪನಿಯ ಕ್ಲಿಯರ್ ರೆಡ್ ಎಕ್ಸ್-27, ಕ್ಲಿಯರ್ ಆರೆಂಜ್ ಎಕ್ಸ್-26. ಇಲ್ಲವೇ ಸ್ಟೇಷನರಿ ಅಂಗಡಿಯ ಗ್ಲಾಸ್ ಪೇಂಟಿಂಗ್ ಬಣ್ಣ. ಹಚ್ಚುವುದು ಒಳಮೈಗೆ. ಪರ್ಮನೆಂಟ್ ಮಾರ್ಕರ್ ಇವತ್ತು ಚೆನ್ನಾಗಿ ಕಾಣುತ್ತದೆ, ಬಿಸಿಲಿಗೆ ಪೇಲವವಾಗುತ್ತದೆ. ಇಂಡಿಕೇಟರಿನ ಕಿತ್ತಳೆ ಎಷ್ಟು ಗಾಢ ಇರಬೇಕು ಅಂತ ಮಂಡ್ಯದವರಿಗೆ ಹೇಳಿಕೊಡಬೇಕಿಲ್ಲ. ಆಲೆಮನೆಯಲ್ಲಿ ಇನ್ನೂ ಬೆಲ್ಲವಾಗದ ಪಾಕವನ್ನು ಸೌಟಿನಲ್ಲಿ ಎತ್ತಿ ಬೆಳಕಿಗೆ ಹಿಡಿದಾಗ ಕಾಣುವ ಬಣ್ಣ, ಅಷ್ಟೇ.

ಲೈಟ್ ಹಿಂದೆ ಏನು ಹಾಕ್ಬೇಕು? ಬಾಡಿ ಬಣ್ಣ ಕಾಣ್ತಿದೆ

ಹೊಳೆಯುವಂಥದ್ದು ಏನಾದರೂ ಹಾಕಲೇಬೇಕು. ಲೈಟಿನ ಅರ್ಧ ಜೀವ ಅಲ್ಲೇ ಇದೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ಲನ್ನು ಪೆನ್ನಿನ ಗುಂಡು ತುದಿಯಿಂದ ಒತ್ತಿ ಬಟ್ಟಲು ಮಾಡಿ. ಚಿಪ್ಸ್ ಪ್ಯಾಕೆಟ್ಟಿನ ಒಳಮೈ ಇನ್ನೂ ಹೊಳೆಯುತ್ತದೆ, ಎಣ್ಣೆ ತೊಳೆದು ಹಾಕಿ. ಹಳೆ ದೀಪವಾದರೆ ಬಟ್ಟಲಿನ ನಡುವೆ ಬಲ್ಬಿನ ಗುರುತಿಗೆ ಒಂದು ಸಣ್ಣ ಚುಕ್ಕೆ ಇಡಿ.

ಕಪ್ಪು ಸನ್ ಫಿಲ್ಮ್ ಹಾಕಿದ ಗ್ಲಾಸ್ ಬೇಕು. ಮಾಡಬಹುದಾ?

ಮಾಡಬಹುದು, ಆದರೆ ಕಾರು ಯಾವ ಕಾಲದ್ದು ನೋಡಿಕೊಳ್ಳಿ. 2012ರಲ್ಲಿ ಸುಪ್ರೀಂ ಕೋರ್ಟು ಸನ್ ಫಿಲ್ಮ್‌ಗೆ ತಡೆ ಹಾಕಿತು. ಗಾಜಿನಲ್ಲೇ ಬರುವ ಬಣ್ಣಕ್ಕೂ ಮಿತಿ ಇದೆ, ಮುಂದೆ ಹಿಂದೆ ಕನಿಷ್ಠ ಶೇ. 70, ಪಕ್ಕದಲ್ಲಿ ಶೇ. 50ರಷ್ಟು ಬೆಳಕು ಒಳಗೆ ಹೋಗಬೇಕು. ಹಾಗಾಗಿ 90ರ ದಶಕದ ಕಾರಿಗೆ ಕಪ್ಪು ಗ್ಲಾಸು ಆ ಕಾಲದ ಗುರುತು, ನಿನ್ನೆ ಮೊನ್ನೆಯ ಕಾರಿಗೆ ಫೈನು. ತಮಿಯಾ ಸ್ಮೋಕ್ ಎಕ್ಸ್-19 ಒಳಮೈಗೆ ತೆಳುವಾಗಿ ಎರಡು ಸಲ ಸ್ಪ್ರೇ. ಬ್ರಷ್ಷಿನಲ್ಲಿ ಹಚ್ಚಿದರೆ ಪಟ್ಟೆ ಪಟ್ಟೆ ಬರುತ್ತದೆ. ಸ್ಪ್ರೇ ಇಲ್ಲದವರು ನಿಜವಾದ ಸನ್ ಫಿಲ್ಮಿನ ಚೂರನ್ನೇ ಸೋಪಿನ ನೀರು ಹಾಕಿ ಶೀಟಿಗೆ ಅಂಟಿಸಿ, ಆಮೇಲೆ ಕತ್ತರಿಸಿ.

ಪದ್ಮಿನಿ ಮುಂದಿನ ಬಾಗಿಲಲ್ಲಿ ಪುಟ್ಟ ತ್ರಿಕೋನ ಗ್ಲಾಸ್ ಇದೆಯಲ್ಲ, ಅದನ್ನು ಕತ್ತರಿಸೋಕೇ ಆಗ್ತಿಲ್ಲ

ಕತ್ತರಿಸಬೇಡಿ. ತೂತು 5–6 ಮಿ.ಮೀ. ಒಳಗಿದ್ದರೆ ಟೂತ್‌ಪಿಕ್ಕಿನಲ್ಲಿ ಫೆವಿಕಾಲ್ ತೊಗೊಂಡು ಸುತ್ತ ಅಂಚಿಗೆ ಸವರಿ, ನಡುವೆ ಎಳೆದು ಪರೆ ಕಟ್ಟಿಸಿ. ಮಕ್ಕಳು ಸೋಪಿನ ಗುಳ್ಳೆ ಊದುವಾಗ ರಿಂಗಿನಲ್ಲಿ ನಿಲ್ಲುವ ಪರೆಯ ಹಾಗೆ. ಒಂದು ರಾತ್ರಿ ಬಿಟ್ಟರೆ ತಿಳಿಯಾಗುತ್ತದೆ. ಆಮೇಲೆ ನೀರು ತಾಗಿಸಬಾರದು.

ಟೇಪ್ ಕಿತ್ತ ಮೇಲೆ ಅಂಟಂಟು ಉಳಿದಿದೆ, ಥಿನ್ನರ್ ಹಾಕ್ಲಾ?

ಅಯ್ಯೋ ಬೇಡ. ಥಿನ್ನರ್, ಅಸಿಟೋನು, ನೇಲ್ ಪಾಲಿಶ್ ತೆಗೆಯುವ ದ್ರವ, ಯಾವುದೂ ಬೇಡ. ಪಾಲಿಸ್ಟೈರೀನ್, ಅಕ್ರಿಲಿಕ್, ಅಸಿಟೇಟ್ ಎಲ್ಲ ಕರಗುತ್ತವೆ, ಇಲ್ಲವೇ ಬಿರುಕು ಬಿಡುತ್ತವೆ. ಕೊಬ್ಬರಿ ಎಣ್ಣೆ ಹಚ್ಚಿ ಎರಡು ನಿಮಿಷ ಬಿಟ್ಟು ಒರೆಸಿ, ಆಮೇಲೆ ಸೋಪಿನ ನೀರು.

## ತಲೆ ಕೆಡಿಸಿಕೊಂಡವರಿಗೆ

ಮುಂದಿನ ಗ್ಲಾಸ್ ಎರಡು ಕಡೆಗೂ ಬಾಗಿದೆ. ಶೀಟ್ ಹಾಗೆ ಬಾಗಲ್ಲ

ಬಾಗುವುದಿಲ್ಲ. ಒಂದು ಕಾಗದವನ್ನು ಕೊಳವೆ ಮಾಡಬಹುದು, ಬಟ್ಟಲು ಮಾಡಲು ಆಗುವುದಿಲ್ಲ, ಅಲ್ವಾ? ಇದಕ್ಕೆ ಶಾಖ ಬೇಕು, ಅಚ್ಚು ಬೇಕು.

ಅಚ್ಚಿಗೆ ಎಳೆ ಕಾಣದ ನುಣುಪು ಮರ ಒಳ್ಳೆಯದು. ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರ ಸಿಕ್ಕರೆ ಬಿಡಬೇಡಿ. ಗ್ಲಾಸಿನ ಆಕಾರಕ್ಕೆ ಕೆತ್ತಿ, ಮೇಲೆ ಕಾರಿನ ಡೆಂಟ್ ತುಂಬುವ ಪುಟ್ಟಿ ಬಳಿದು 1000 ನಂಬರಿನ ಪೇಪರಿನವರೆಗೆ ತಿಕ್ಕಿ. ಅಚ್ಚಿನ ಮೇಲಿನ ಪ್ರತಿ ಗೀರೂ ಗ್ಲಾಸಿನ ಮೇಲೆ ಬರುತ್ತದೆ.

ಈಗ ಕೋಲಾ ಬಾಟಲಿಯ ತಳ ಕತ್ತರಿಸಿ ಅಚ್ಚನ್ನು ಒಳಗೆ ತೂರಿಸಿ, ಹಿಂದೆ ಮರದ ಬೆಣೆ ಕೊಟ್ಟು ಬಿಗಿ ಮಾಡಿ. ಬಾಟಲಿಯನ್ನು ಫ್ಯಾಕ್ಟರಿಯಲ್ಲಿ ಎಳೆದು ಊದಿ ಮಾಡಿರುತ್ತಾರೆ, ಬಿಸಿ ತಾಗಿದರೆ ಅದು ಮತ್ತೆ ಕುಗ್ಗಲು ನೋಡುತ್ತದೆ. ಪೆಟ್ 70–80 ಡಿಗ್ರಿಗೆಲ್ಲ ಮೆತ್ತಗಾಗುತ್ತದೆ. ಹೀಟ್ ಗನ್ನನ್ನು ಒಂದು ಗೇಣು ದೂರದಲ್ಲಿ ಹಿಡಿದು ಆಡಿಸುತ್ತಲೇ ಇರಿ. ಅದು ಅಚ್ಚಿಗೆ ಚರ್ಮದ ಹಾಗೆ ಅಂಟಿಕೊಳ್ಳುವುದನ್ನು ನೋಡುವುದೇ ಒಂದು ಚೆಂದ. ಒಂದೇ ಕಡೆ ಹಿಡಿದರೆ ಬಿಳಿಯಾಗುತ್ತದೆ, ಪೆಟ್ ಹರಳುಗಟ್ಟಿತು ಅಂತ ಅರ್ಥ, ಆ ಬಿಳಿ ವಾಪಸ್ ಹೋಗುವುದಿಲ್ಲ. ತಣ್ಣಗಾದ ಮೇಲೆ ಅಚ್ಚಿನ ಮೇಲೆಯೇ ಗುರುತು ಹಾಕಿ ಕತ್ತರಿಸಿ. ನನ್ನ ಮೊದಲ ಮೂರು ಬಾಟಲಿ ಹಾಳಾದವು. ನಾಲ್ಕನೆಯದು ಇವತ್ತಿಗೂ ಕಾರಿನಲ್ಲಿದೆ.

ವ್ಯಾಕ್ಯೂಮ್ ಫಾರ್ಮಿಂಗ್‌ಗೆ ಯಾವ ಶೀಟು?

ಕಾಯಿಸಿದ ಶೀಟನ್ನು ಅಚ್ಚಿನ ಮೇಲೆ ಗಾಳಿ ಎಳೆದು ಕೂರಿಸುವುದೇ ವ್ಯಾಕ್ಯೂಮ್ ಫಾರ್ಮಿಂಗ್. ಅದಕ್ಕೆ ಪೆಟ್‌ಜಿ, ಅಂದರೆ ಪೆಟ್ಟಿನದೇ ಇನ್ನೊಂದು ಬಗೆ, ಅರ್ಧ ಮಿ.ಮೀ. ಸಾಮಾನ್ಯ ಪೆಟ್ಟಿನ ಹಾಗೆ ಬಿಸಿಗೆ ಬಿಳಿಯಾಗುವುದಿಲ್ಲ. ಎಳೆದಾಗ ತೆಳುವಾಗುತ್ತದೆ, ಅದಕ್ಕೇ ಅರ್ಧ ಮಿ.ಮೀ.ನಿಂದ ಶುರು. ಪಿವಿಸಿಯನ್ನು ಅಡುಗೆಯ ಓವನ್ನಿನಲ್ಲಿ ಕಾಯಿಸಬೇಡಿ.

ರೆಸಿನ್ ಹುಯ್ದು ಲೈಟ್ ಮಾಡಿದೆ, ಆರು ತಿಂಗಳಲ್ಲಿ ಹಳದಿ. ಯುವಿ ರೆಸಿನ್ ವಾಸಿನಾ?

ಎರಡೂ ಕಾಲಕ್ರಮದಲ್ಲಿ ಹಳದಿಯಾಗುತ್ತವೆ. ಬಿಸಿಲು ಬೀಳದ ಕಡೆ ಇಟ್ಟರೆ ನಿಧಾನ. ಎರಡು ಬಾಟಲಿ ಬೆರೆಸಿ ಹುಯ್ಯುವ ಎಪಾಕ್ಸಿ ರೆಸಿನ್ನಿಗೆ ನಮ್ಮ ಮಳೆಗಾಲ ಆಗುವುದಿಲ್ಲ, ತೇವಕ್ಕೆ ಮೇಲ್ಮೈ ಜಿಡ್ಡಾಗಿ ಮಂಜಾಗುತ್ತದೆ. ಅಳತೆ ಕಣ್ಣಂದಾಜಿನಲ್ಲಿ ಬೇಡ, ಬಾಟಲಿ ಮೇಲೆ ಬರೆದ ಹಾಗೆ ತೂಕವೋ ಸಿರಿಂಜಿನ ಅಳತೆಯೋ ಹಾಕಿ.

ಯುವಿ ರೆಸಿನ್, ಅಂದರೆ ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ರೆಸಿನ್, ಸಣ್ಣ ಲೈಟಿಗೆ ಹೇಳಿ ಮಾಡಿಸಿದ್ದು. ಫಾಯಿಲ್ಲಿನ ಬಟ್ಟಲಿಗೆ ಸೂಜಿಯಲ್ಲಿ ಒಂದು ತೊಟ್ಟು ಬಿಟ್ಟರೆ ತಾನೇ ಉಬ್ಬಿ ಲೆನ್ಸ್ ಆಗುತ್ತದೆ. ಉಗುರಿಗೆ ಜೆಲ್ ಹಾಕುವ ಯುವಿ ದೀಪ ಸಾಕು. ಮೈಸೂರಿನ ಏಪ್ರಿಲ್ ಬಿಸಿಲೂ ಸಾಕು, ಆದರೆ ಬಿಸಿಲಿಗಿಟ್ಟು ಮರೆತರೆ ನೀವು ಹೇಳಿದ ಹಳದಿಯೇ ಗತಿ. ಒಂದೇ ಸಲ ದಪ್ಪ ಹುಯ್ಯಬೇಡಿ, ಕುಗ್ಗಿ ಅಂಚು ಬಿಡುತ್ತದೆ. ಬಣ್ಣಕ್ಕೆ ಅಡುಗೆಮನೆಯ ಫುಡ್ ಕಲರ್ ಬೆರೆಸಲು ಹೋಗಬೇಡಿ, ನೀರಿನ ಬಣ್ಣ ರೆಸಿನ್ನಿಗೆ ಸೇರುವುದಿಲ್ಲ.

ಲೈಟ್ ನಿಜವಾಗ್ಲೂ ಉರೀಬೇಕು. ಎಲ್‌ಇಡಿ ಹಾಕಿದ್ರೆ ಇಡೀ ಮೂತಿ ಬೆಳಗತ್ತೆ!

ಪ್ಲಾಸ್ಟಿಕ್ ಬಾಡಿ ತೆಳು, ಬೆಳಕು ಹಾಯುತ್ತದೆ. ಒಳಗೆ ಮೊದಲು ಕಪ್ಪು ಬಳಿದು, ಅದರ ಮೇಲೆ ಬೆಳ್ಳಿ ಬಳಿಯಿರಿ. ಕಪ್ಪು ತಡೆಯುತ್ತದೆ, ಬೆಳ್ಳಿ ಮುಂದಕ್ಕೆ ಕಳಿಸುತ್ತದೆ. 3 ಮಿ.ಮೀ. ಎಲ್‌ಇಡಿ 1:24ರಲ್ಲಿ 72 ಮಿ.ಮೀ. ಆಯಿತು, ಫಾಗ್ ಲ್ಯಾಂಪಿನ ಹಾಗೆ ಕಾಣುತ್ತದೆ. ಹೆಡ್‌ಲೈಟಿಗೆ ಅದನ್ನು ಲೆನ್ಸಿನ ಹಿಂದೆ ಇಡಿ, ಅದೇ ಲೆನ್ಸ್ ಆಗಬಾರದು. ಲೆನ್ಸಿನ ಹಿಂಭಾಗವನ್ನು 1000 ಪೇಪರಿನಲ್ಲಿ ಸ್ವಲ್ಪ ಮಸುಕು ಮಾಡಿದರೆ ಬೆಳಕು ಹರಡುತ್ತದೆ.

ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು. 9 ವೋಲ್ಟಿನ ಬ್ಯಾಟರಿ, 10 ಮಿಲಿ ಆಂಪ್ ಅಂದರೆ 600 ಓಮ್, ಅಂಗಡಿಯಲ್ಲಿ 680 ಕೇಳಿ. ಒಂದೊಂದು ಎಲ್‌ಇಡಿಗೂ ಒಂದೊಂದು ರೆಸಿಸ್ಟರ್. ಹಳೆ ಕಾರಿಗೆ ನೀಲಿ ಛಾಯೆಯ ಬಿಳಿ ಹಾಕಿ ಅವಮಾನ ಮಾಡಬೇಡಿ. ವಾರ್ಮ್ ವೈಟ್ ಕೇಳಿ, ಭಾನುವಾರ ಸಂಜೆ ಅರಮನೆ ದೀಪ ಹತ್ತಿದಾಗ ಕಾಣುವ ಆ ಬಣ್ಣ.

ಈಗಿನ ಕಾರಿನ ಗ್ಲಾಸ್ ಸುತ್ತ ಕಪ್ಪು ಪಟ್ಟಿ ಇದೆಯಲ್ಲ, ಅದನ್ನು ಹಾಕ್ಲೇಬೇಕಾ?

ಈಗಿನ ಕಾರಾದರೆ ಹೌದು. ಈಗ ಗಾಜನ್ನು ಬಾಡಿಗೆ ಅಂಟಿನಿಂದ ಹಿಡಿಸುತ್ತಾರೆ. ಬಿಸಿಲು ಬಿದ್ದು ಅಂಟು ಕೆಡದಿರಲಿ ಅಂತ ಆ ಕಪ್ಪು. ಒಳಮೈಗೆ ಟೇಪ್ ಹಚ್ಚಿ ಬಳಿಯಿರಿ. ಹಳೆ ಅಂಬಾಸಿಡರ್‌ಗೆ ಅದು ಇಲ್ಲ, ಅಲ್ಲಿ ರಬ್ಬರ್ ಬೀಡಿಂಗ್. ಬಾಡಿಯ ಅಂಚಿಗೆ ಮಾಸಲು ಕಪ್ಪು ಹಚ್ಚಿ. ಹೊಳೆಯುವ ಕಪ್ಪು ಹಚ್ಚಿದರೆ ರಬ್ಬರ್ ಅನ್ನಿಸುವುದೇ ಇಲ್ಲ.

3ಡಿ ಪ್ರಿಂಟಲ್ಲಿ ಕ್ಲಿಯರ್ ರೆಸಿನ್ ಬರತ್ತಲ್ಲ, ಅದ್ರಲ್ಲೇ ಎಲ್ಲಾ ಮಾಡಿಬಿಟ್ರೆ?

ಲೈಟಿಗೆ ಮಾಡಿ, ಪದರದ ಗೆರೆ ತಿಕ್ಕಿ ಮೇಲೆ ಕ್ಲಿಯರ್ ಹಚ್ಚಿದರೆ ಚೆನ್ನಾಗಿರುತ್ತದೆ. ಕಿಟಕಿಗೆ ಬೇಡ. ಅಷ್ಟು ತೆಳುವಾಗಿ, ಅಷ್ಟು ತಿಳಿಯಾಗಿ ಬರುವುದಿಲ್ಲ. ಜೆರಾಕ್ಸ್ ಅಂಗಡಿ ಹತ್ತಿರವೇ ಇದೆ.

ಅಪ್ಪನ ಕಾಲದ ಕಿಟ್ ತೆಗೆದೆ. ಗ್ಲಾಸ್ ಸುಕ್ಕಾಗಿದೆ, ಹುಳಿ ವಾಸನೆ ಬರ್ತಿದೆ

ಅದು ಅಸಿಟೇಟ್. ವಯಸ್ಸಾದಂತೆ ಕುಗ್ಗುತ್ತದೆ, ವಿನೆಗರ್ ವಾಸನೆ ಬಿಡುತ್ತದೆ. ಹಳೆ ಸಿನಿಮಾ ರೀಲಿಗೂ ಇದೇ ಕಾಯಿಲೆ. ಸರಿ ಮಾಡಲು ಆಗುವುದಿಲ್ಲ. ಅದನ್ನೇ ಅಚ್ಚಾಗಿಟ್ಟುಕೊಂಡು ಪೆಟ್ ಶೀಟಿನಲ್ಲಿ ಹೊಸದು ಕತ್ತರಿಸಿ, ಕುಗ್ಗಿದ ಲೆಕ್ಕಕ್ಕೆ ಸುತ್ತ ಸ್ವಲ್ಪ ಬಿಡಿ. ಹಳೆಯದನ್ನು ಡಬ್ಬದೊಳಗೆ ಮತ್ತೆ ಇಡಬೇಡಿ. ಹೊಸದನ್ನು ಮಾಡಿದ ಮೇಲೂ ಬೇಸಿಗೆಯಲ್ಲಿ ನಿಮ್ಮ ನಿಜವಾದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಶೋಕಿಗೆ ಇಡಬೇಡಿ. ಮಂಡ್ಯದಲ್ಲಿ ಒಂದು ಮದುವೆ ಊಟ ಮುಗಿಸಿ ಬರುವಷ್ಟರಲ್ಲಿ ನನ್ನ ಜೀಪಿನ ಮುಂದಿನ ಗ್ಲಾಸು ಹಪ್ಪಳದ ಹಾಗೆ ಎದ್ದಿತ್ತು.

ಫೋಟೋ ನೋಡಿ ಮಾಡಿದ್ರೆ ಏನೋ ಸರಿ ಬರ್ತಿಲ್ಲ. ನಿಜವಾದ ಹಳೆ ಕಾರು ಎಲ್ಲಿ ನೋಡೋದು?

ಶ್ರೀರಂಗಪಟ್ಟಣದ ಹತ್ತಿರ ಮೈಸೂರು–ಬೆಂಗಳೂರು ರಸ್ತೆಯಲ್ಲಿ ‘ಪಯಣ’ ಕಾರ್ ಮ್ಯೂಸಿಯಂ ಇದೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಟ್ಟ ಕಾರುಗಳು. ಎಲ್ಲರೂ ಬಾನೆಟ್ ಮುಂದೆ ನಿಂತು ಸೆಲ್ಫಿ ತೆಗೆಯುತ್ತಾರೆ, ನೀವು ಪಕ್ಕಕ್ಕೆ ಹೋಗಿ ಬಗ್ಗಿ. ಗಾಜು ಚಪ್ಪಟೆಯೋ ಬಾಗಿದ್ದೋ, ಎರಡು ತುಂಡೋ ಒಂದೋ, ಅಂಚಿನಲ್ಲಿ ಹಸಿರು ಛಾಯೆ ಎಷ್ಟಿದೆ, ಬೀಡಿಂಗ್ ಎಷ್ಟು ಅಗಲ, ಹೆಡ್‌ಲೈಟಿನ ಗಾಜು ರಿಂಗಿನಿಂದ ಎಷ್ಟು ಹೊರಗೆ ಉಬ್ಬಿದೆ, ಇವನ್ನು ನೋಡಿ. ನಾನು ಹೋದಾಗ ಒಂದೇ ಕಾರಿನ ಹೆಡ್‌ಲೈಟನ್ನು ಇಪ್ಪತ್ತು ನಿಮಿಷ ನೋಡುತ್ತಾ ನಿಂತಿದ್ದೆ. ಕಾವಲಿನವರು ಬಂದು ‘ಏನ್ ಸಾರ್, ಬಲ್ಬ್ ಹೋಗಿದ್ಯಾ?’ ಅಂತ ಕೇಳಿದರು.